ತಾಯಿ ಇದ್ದೂ ಅನಾಥರಾದ ಮಕ್ಕಳು

ಪ್ರಶ್ನೆ: ಮೇಡಂ, ನಾನು ಧಾರವಾಡದ ನಿವೃತ್ತ ಶಿಕ್ಷಕಿ. ಈಗ ಅಮೆರಿಕದ ವರ್ಜೀನಿಯಾದಲ್ಲಿ ಮಗನ ಮನೆಯಲ್ಲಿದ್ದೇನೆ. ಸೊಸೆ ಇಲ್ಲಿಯವಳೇ. ಮೊಮ್ಮಗನಿಗೆ ಶಾಲೆಯಲ್ಲಿ ವಂಶವೃಕ್ಷ ಬರೆಯಲು ಹೇಳಿದ್ದರು. ನಮ್ಮ ಕಡೆಯದು ಮುತ್ತಜ್ಜನ ತಂದೆಯಿಂದಾಚೆ ಹೋಗಲಿಲ್ಲ, ಸೊಸೆಯ ಕಡೆಯದು ಕೌಂಟಿ ನ್ಯಾಯಾಲಯದ ಪುಸ್ತಕಗಳ ದೆಸೆಯಿಂದ 1760ರ ದಶಕದವರೆಗೆ ಹೋಯಿತು. ಅಲ್ಲಿಗೆ ಹೋಗಿ ಸಿಕ್ಕಿಕೊಂಡಿದ್ದೇನೆ. ಮನೆಯ ಯಜಮಾನ 1762ರಲ್ಲಿ ಉಯಿಲು ಬರೆಯದೆ ಸತ್ತಿದ್ದಾನೆ. ಹತ್ತೇ ತಿಂಗಳಲ್ಲಿ ಹೆಂಡತಿಯ ಮರುಮದುವೆ. 1764ರಲ್ಲಿ ನ್ಯಾಯಾಲಯ ಅವಳ ಮಕ್ಕಳನ್ನು ‘ಅನಾಥರು’ ಎಂದು ಬರೆದಿದೆ. ಹಿರಿಯ ಮಗನಿಗೆ ಅಷ್ಟೂ ಜಮೀನು. ಎರಡನೆಯವನು ನೆರೆಯವನೊಬ್ಬನನ್ನು ಗಾರ್ಡಿಯನ್ ಆಗಿ ‘ಆರಿಸಿಕೊಂಡ’ ಎಂದಿದೆ. ಮಗಳಿಗೆ ಮಲತಂದೆಯೇ ಗಾರ್ಡಿಯನ್. ಕೊನೆಯ ಹುಡುಗನನ್ನು 1767ರಲ್ಲಿ ಚರ್ಚಿನವರು ಪೀಪಾಯಿ ಮಾಡುವ ಬಡಗಿಯೊಬ್ಬನಿಗೆ ಕರಾರಿನ ಮೇಲೆ ಒಪ್ಪಿಸಿದ್ದಾರೆ. ಮಲತಂದೆಯ ಉಯಿಲಿನಲ್ಲಿ ಎರಡನೆಯವನನ್ನು ‘ಅಳಿಯ’ ಎಂದು ಕರೆದು ಒಂದು ಶಿಲ್ಲಿಂಗ್ ಬಿಟ್ಟಿದ್ದಾನೆ. ತಾಯಿಯ ಹೆಸರು ಎಲ್ಲೂ ಇಲ್ಲ. ಅವಳು ಸತ್ತಳೇ, ಮಕ್ಕಳನ್ನು ಬಿಟ್ಟು ಹೋದಳೇ? ಮಲತಂದೆ ಆಸ್ತಿ ನುಂಗಿದನೇ? ಸೊಸೆಯ ತಾಯಿ ಈ ಕಥೆ ಕೇಳಿ ಬೇಸರ ಮಾಡಿಕೊಂಡಿದ್ದಾರೆ. ಅವರಿಗೆ ಏನು ಹೇಳಲಿ?

ಉತ್ತರ: ಮೊದಲು ಅವರಿಗೆ ಇಷ್ಟು ಹೇಳಿ: ನೀವು ಓದಿದ ಯಾವ ಸಾಲೂ ಆ ತಾಯಿ ಸತ್ತಳು ಎಂದು ಹೇಳುವುದಿಲ್ಲ, ಬಿಟ್ಟು ಹೋದಳು ಎಂದೂ ಹೇಳುವುದಿಲ್ಲ.

ನಾನು ಪೆನ್ಸಿಲ್ವೇನಿಯಾದಲ್ಲಿ ಉಯಿಲು ಮತ್ತು ವಾರಸಿನ ವ್ಯವಹಾರ ನೋಡುವ ವಕೀಲೆ. ನಾನು ದಿನವೂ ಮೆಟ್ಟಿಲು ಹತ್ತುವ ನ್ಯಾಯಾಲಯದ ಹೆಸರು ಇವತ್ತಿಗೂ ‘ಆರ್ಫನ್ಸ್ ಕೋರ್ಟ್’, ಅಂದರೆ ಅನಾಥರ ನ್ಯಾಯಾಲಯ. ಎಪ್ಪತ್ತು ದಾಟಿದ ಕಕ್ಷಿದಾರರು ಫಲಕ ನೋಡಿ ನಗುತ್ತಾರೆ, ಕೆಲವರು ಸಣ್ಣಗೆ ಬೆದರುತ್ತಾರೆ. ಅಲ್ಲಿ ನಡೆಯುವುದು ಸತ್ತವರ ಆಸ್ತಿಯ ವಿಲೇವಾರಿ, ಅಪ್ರಾಪ್ತರ ಹಣದ ಲೆಕ್ಕ. ಮೇರಿಲ್ಯಾಂಡಿನಲ್ಲೂ ಇದೇ ಹೆಸರಿನ ನ್ಯಾಯಾಲಯವಿದೆ. ಲಂಡನ್ ನಗರದಲ್ಲಿ ಸತ್ತ ವರ್ತಕರ ಮಕ್ಕಳ ಪಾಲನ್ನು ಕಾಯುತ್ತಿದ್ದ ಹಳೆಯ ವ್ಯವಸ್ಥೆಯಿಂದ ಈ ಹೆಸರು ಹಡಗು ಹತ್ತಿ ಬಂತು.

ನಿಮ್ಮ ತೊಡಕು ಶುರುವಾಗುವುದೇ ಈ ಪದದಿಂದ. ಕನ್ನಡದಲ್ಲಿ ತಬ್ಬಲಿ ಎಂದರೆ ತಾಯಿಯನ್ನು ಕಳೆದುಕೊಂಡ ಕರು ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಹದಿನೆಂಟನೆಯ ಶತಮಾನದ ವರ್ಜೀನಿಯಾದ ಗುಮಾಸ್ತ ‘ಆರ್ಫನ್’ ಎಂದು ಬರೆದಾಗ ಅವನ ಕಣ್ಣ ಮುಂದೆ ಇದ್ದದ್ದು ಸತ್ತ ತಂದೆ ಮತ್ತು ಅವನು ಬಿಟ್ಟುಹೋದ ಆಸ್ತಿ. ತಂದೆ ಸತ್ತು ಇಪ್ಪತ್ತೊಂದು ತುಂಬದ ಮಕ್ಕಳಿದ್ದರೆ ಅವರು ಅನಾಥರು. ತಾಯಿ ಒಳಮನೆಯಲ್ಲಿ ರೊಟ್ಟಿ ಸುಡುತ್ತಿದ್ದರೂ ಅನಾಥರೇ. ಜಾರ್ಜ್ ವಾಷಿಂಗ್ಟನ್ನನ ತಂದೆ ಸತ್ತದ್ದು 1743ರಲ್ಲಿ. ಹನ್ನೊಂದು ವರ್ಷದ ಹುಡುಗ ಆ ದಿನವೇ ಕಾನೂನಿನ ಕಣ್ಣಲ್ಲಿ ಅನಾಥನಾದ. ತಾಯಿ ಮೇರಿ ಆಮೇಲೆ ನಲವತ್ತಾರು ವರ್ಷ ಬದುಕಿದ್ದಳು. 1789ರಲ್ಲಿ ಮಗ ದೇಶದ ಅಧ್ಯಕ್ಷನಾದದ್ದನ್ನು ನೋಡಿಯೇ ಕಣ್ಣು ಮುಚ್ಚಿದಳು.

ಇನ್ನೂ ಕೆಲವು ಪದಗಳು ಹೀಗೆಯೇ ಕಾಲು ಜಾರಿಸುತ್ತವೆ. ನೀವು ‘ಅಳಿಯ’ ಎಂದು ಓದಿದ ‘ಸನ್-ಇನ್-ಲಾ’ ಆಗಿನ ಬಳಕೆಯಲ್ಲಿ ಮಲಮಗನೂ ಹೌದು. ಕಾನೂನಿನಿಂದಾಗಿ ಮಗನಾದವನು, ಅಷ್ಟೇ. ಆದ್ದರಿಂದ ಎರಡನೆಯವನು ಮಲತಂದೆಯ ಯಾವ ಮಗಳನ್ನೂ ಮದುವೆಯಾಗಿರಬೇಕಿಲ್ಲ. ವಂಶವೃಕ್ಷದಲ್ಲಿ ಆ ಗೆರೆ ಎಳೆದಿದ್ದರೆ ಅಳಿಸಿಬಿಡಿ. ‘ಇನ್ಫೆಂಟ್’ ಎಂದಿದ್ದರೆ ತೊಟ್ಟಿಲ ಕೂಸೇ ಆಗಬೇಕಿಲ್ಲ, ಮೀಸೆ ಬಂದ ಇಪ್ಪತ್ತರ ಹುಡುಗನೂ ಆಗಿರಬಹುದು. ‘ಕಸಿನ್’ ಎಷ್ಟೋ ಕಡೆ ಅಣ್ಣತಮ್ಮಂದಿರ ಮಗ. ಒಂದೇ ಹೆಸರಿನ ಮುಂದೆ ಸೀನಿಯರ್, ಜೂನಿಯರ್ ಎಂದಿದ್ದರೆ ಅಪ್ಪ ಮಗ ಎಂದು ತಿಳಿಯಬೇಡಿ. ಊರಿನಲ್ಲಿ ಅದೇ ಹೆಸರಿನ ಇಬ್ಬರಿದ್ದರೆ ದೊಡ್ಡವನು, ಚಿಕ್ಕವನು ಎಂದು ನಾವು ಕರೆಯುವುದಿಲ್ಲವೇ, ಹಾಗೆ.

ಒಂದು ಶಿಲ್ಲಿಂಗ್ ವಿಚಾರ. ಮುನಿಸಿಕೊಂಡು ಮುಖಕ್ಕೆ ಎಸೆದ ಕಾಸು ಎಂಬುದು ಜನಪ್ರಿಯ ನಂಬಿಕೆ. ಕೆಲವು ಸಲ ಅದು ನಿಜವೂ ಹೌದು. ಆದರೆ ನಾನು ಓದಿದ ಹಳೆಯ ಉಯಿಲುಗಳಲ್ಲಿ ಹೆಚ್ಚಿನವು ಹೇಳುವುದೇ ಬೇರೆ: ಇವನ ಪಾಲು ಇವನಿಗೆ ಮೊದಲೇ ಸಂದಿದೆ, ಮರೆತು ಬಿಟ್ಟದ್ದಲ್ಲ, ನಾಳೆ ಬಂದು ತಕರಾರು ತೆಗೆಯಬಾರದು. ಮಲಮಗನಿಗೆ ಏನನ್ನೂ ಕೊಡಬೇಕೆಂಬ ಕಟ್ಟುಪಾಡು ಕಾನೂನಿನಲ್ಲಿ ಇರಲೇ ಇಲ್ಲ. ಹಾಗಿದ್ದೂ ಅವನ ಹೆಸರು ಉಯಿಲಿನಲ್ಲಿ ಇದೆಯೆಂದರೆ, ಇಬ್ಬರ ನಡುವೆ ಹಳೆಯ ಲೆಕ್ಕವೊಂದು ಚುಕ್ತಾ ಆಗಿರಬಹುದು ಎಂದು ನನ್ನ ಊಹೆ.

ಈಗ ಜಮೀನಿಗೆ ಬರೋಣ. ಉಯಿಲು ಇಲ್ಲದೆ ಸತ್ತವನ ಸ್ಥಿರಾಸ್ತಿಯೆಲ್ಲ ಹಿರಿಯ ಮಗನಿಗೆ ಹೋಗುವುದು ಇಂಗ್ಲೆಂಡಿನಿಂದ ಬಂದ ನಿಯಮ. ವರ್ಜೀನಿಯಾ ಅದನ್ನು ಬಿಟ್ಟದ್ದು 1785ರ ಕಾಯಿದೆಯಿಂದ, ಅದು ಜಾರಿಗೆ ಬಂದದ್ದು 1787ರಲ್ಲಿ. ನಿಮ್ಮ ಕಥೆಯ ಆ ಯಜಮಾನ ಅದಕ್ಕೆ ಇಪ್ಪತ್ತೈದು ವರ್ಷ ಮೊದಲೇ ಸತ್ತ. ಹಿರಿಯವನು ಮೋಸ ಮಾಡಬೇಕಾದ ಪ್ರಮೇಯವೇ ಇರಲಿಲ್ಲ, ಕಾನೂನೇ ಅವನ ಮಡಿಲಿಗೆ ಸುರಿಯಿತು. ಇದೇ ಸಾವು ಬಾಸ್ಟನ್ನಿನಲ್ಲಿ ಆಗಿದ್ದರೆ ಕಥೆ ಬೇರೆ. ಮ್ಯಾಸಚೂಸೆಟ್ಸ್‌ನ ಪ್ಯೂರಿಟನ್ನರು ಎಂಬ ಕಟ್ಟುನಿಟ್ಟಿನ ಕ್ರೈಸ್ತರು ಬೈಬಲಿನ ಧರ್ಮೋಪದೇಶಕಾಂಡವನ್ನು ಹಿಡಿದು ಹಿರಿಯನಿಗೆ ಎರಡು ಪಾಲು, ಉಳಿದ ಗಂಡು ಹೆಣ್ಣು ಮಕ್ಕಳಿಗೆಲ್ಲ ಒಂದೊಂದು ಪಾಲು ಎಂದು ಹಂಚುತ್ತಿದ್ದರು. ಕನೆಕ್ಟಿಕಟ್ ಕೂಡ ಹಾಗೆಯೇ ಹಂಚುತ್ತಿದ್ದಾಗ ವಿನ್‌ತ್ರಾಪ್ ಮನೆತನದ ಮಗನೊಬ್ಬ, ನನ್ನ ತಂಗಿಗೇಕೆ ಜಮೀನು ಎಂದು ಲಂಡನ್ನಿನವರೆಗೆ ಹೋಗಿ, 1728ರಲ್ಲಿ ರಾಜನ ಸಲಹಾ ಮಂಡಳಿಯಾದ ಪ್ರಿವಿ ಕೌನ್ಸಿಲಿನಿಂದ ಆ ಕಾಯಿದೆಯನ್ನೇ ರದ್ದು ಮಾಡಿಸಿದ. ಹತ್ತು ವರ್ಷದ ಬಳಿಕ ಮ್ಯಾಸಚೂಸೆಟ್ಸ್‌ನ ಅಂಥದ್ದೇ ಕಾಯಿದೆಯನ್ನು ಅದೇ ಕೌನ್ಸಿಲ್ ಎತ್ತಿಹಿಡಿಯಿತು! ಡಚ್ಚರ ಕೈಯಲ್ಲಿದ್ದ ಕಾಲದ ನ್ಯೂಯಾರ್ಕಿನಲ್ಲಂತೂ ಹೆಣ್ಣುಮಕ್ಕಳಿಗೂ ಸಮಪಾಲು. ಗಂಡನನ್ನು ಕಳೆದುಕೊಂಡವಳು ಮರುಮದುವೆಯಾಗುವ ಮುಂಚೆ ಮಕ್ಕಳ ಹಿಸ್ಸೆಯನ್ನು ಎತ್ತಿಟ್ಟು ತೋರಿಸಬೇಕಿತ್ತು, ಅದನ್ನು ನೋಡಿಕೊಳ್ಳಲೆಂದೇ ‘ಅನಾಥರ ಅಧಿಕಾರಿ’ಗಳಿದ್ದರು. ನಿಮ್ಮ ಕುಟುಂಬ ಮುನ್ನೂರು ಮೈಲಿ ಉತ್ತರದಲ್ಲಿ, ನೂರು ವರ್ಷ ಮೊದಲು ಇದ್ದಿದ್ದರೆ ಇಂಥ ಪತ್ರವನ್ನು ನೀವು ಬರೆಯುತ್ತಲೇ ಇರಲಿಲ್ಲವೇನೋ.

ಹಾಗೆಂದು ಕಿರಿಯರಿಗೆ ಬರಿಗೈಯಾಗಲಿಲ್ಲ. ಸಾಲ ತೀರಿಸಿ ಉಳಿದ ಚರಾಸ್ತಿಯಲ್ಲಿ, ಅಂದರೆ ದನ, ಪಾತ್ರೆ, ಹಾಸಿಗೆ, ತಂಬಾಕಿನ ದಾಸ್ತಾನಿನಲ್ಲಿ, ವಿಧವೆಗೆ ಮೂರನೆಯ ಒಂದು, ಉಳಿದದ್ದು ಮಕ್ಕಳೆಲ್ಲರಿಗೆ ಸಮನಾಗಿ. ಇಲ್ಲಿ ಒಂದು ಕರಾಳ ವಿವರವನ್ನು ಹೇಳದೆ ಮುಂದೆ ಹೋಗಲಾರೆ. 1705ರ ಕಾಯಿದೆಯೊಂದು ವರ್ಜೀನಿಯಾದಲ್ಲಿ ಗುಲಾಮರನ್ನು ಜಮೀನಿನಂತೆ ಸ್ಥಿರಾಸ್ತಿ ಎಂದು ಸಾರಿತು. ಜಮೀನಿನ ಜತೆಗೆ ಆ ಮನುಷ್ಯರೂ ಹಿರಿಯ ಮಗನಿಗೆ ಹೋಗುತ್ತಿದ್ದರು. ಅವರ ಬೆಲೆ ಕಟ್ಟಿಸಿ ತಮ್ಮತಂಗಿಯರ ಪಾಲನ್ನು ಅವನು ಹಣದಲ್ಲಿ ಕೊಡಬೇಕಿತ್ತು. ನಿಮ್ಮ ಕುಟುಂಬದ ಆಸ್ತಿ ಪಟ್ಟಿಯಲ್ಲಿ ಕುದುರೆಗಳ ಸಾಲಿನ ಕೆಳಗೇ ಮನುಷ್ಯರ ಹೆಸರು, ಎದುರಿಗೆ ಪೌಂಡ್ ಲೆಕ್ಕ ಕಾಣಬಹುದು. ಮೊಮ್ಮಗನಿಗೆ ತೋರಿಸುವ ಮುನ್ನ ನೀವು, ಸೊಸೆ ಕೂತು ಮಾತಾಡಿಕೊಳ್ಳಿ. ಆ ಪುಟವನ್ನು ಕಿತ್ತು ಬದಿಗಿಡುವುದು ಮಾತ್ರ ಬೇಡ.

ತಾಯಿಗೆ ಬರುವ ಹಕ್ಕಿಗೆ ‘ಡವರ್’ ಎಂದು ಹೆಸರು. ಗಂಡನ ಜಮೀನಿನ ಮೂರನೆಯ ಒಂದು ಭಾಗ ಅವಳ ಜೀವಮಾನದವರೆಗೆ ಅವಳ ಅನುಭವಕ್ಕೆ. ಮಾರುವಂತಿಲ್ಲ, ಸತ್ತ ಮೇಲೆ ಅದು ಗಂಡನ ವಾರಸುದಾರನಿಗೆ ಮರಳುತ್ತದೆ. ಅವಳು ಮರುಮದುವೆಯಾದರೆ ಈ ಅನುಭವದ ಹಕ್ಕು ಹೊಸ ಗಂಡನ ಕೈಗೆ ಬರುತ್ತದೆ. ಅವಳ ಪಾಲಿನ ಚರಾಸ್ತಿಯಂತೂ ಅವನ ಸ್ವಂತವೇ ಆಗಿಬಿಡುತ್ತದೆ. ಏಕೆಂದರೆ ಮದುವೆಯಾದ ಹೆಣ್ಣಿಗೆ ಆ ಕಾನೂನಿನಲ್ಲಿ ಪ್ರತ್ಯೇಕ ವ್ಯಕ್ತಿತ್ವವೇ ಇರಲಿಲ್ಲ, ಅವಳು ಗಂಡನ ನೆರಳಿನೊಳಗೆ ಸೇರಿಹೋದವಳು. ವಿಧವೆಯಾಗಿದ್ದಾಗ ಮುಚ್ಚಳಿಕೆ ಬರೆದುಕೊಡಬಲ್ಲವಳು, ದಾವೆ ಹೂಡಬಲ್ಲವಳು, ಎಷ್ಟೋ ತಾಯಂದಿರು ತಮ್ಮ ಮಕ್ಕಳಿಗೆ ತಾವೇ ಗಾರ್ಡಿಯನ್ ಆಗಿದ್ದವರು. ಮರುಮದುವೆಯ ಮರುದಿನದಿಂದ ಅವಳೊಬ್ಬಳ ರುಜುವಿಗೆ ಬೆಲೆ ಇಲ್ಲ. ಆದ್ದರಿಂದ ಪುಸ್ತಕದಲ್ಲಿ ಬರುವುದು ಮಲತಂದೆಯ ಹೆಸರು. ನೀವು ಹುಡುಕಿ ಸೋತದ್ದು ಅವಳು ಮನೆಯಲ್ಲಿ ಇರಲಿಲ್ಲವೆಂದಲ್ಲ, ಅವಳ ಹೆಸರು ಬರೆಯಲು ಗುಮಾಸ್ತನ ಪುಸ್ತಕದಲ್ಲಿ ಅಂಕಣವೇ ಇರಲಿಲ್ಲ.

ಹತ್ತು ತಿಂಗಳಲ್ಲಿ ಮರುಮದುವೆ ಎಂದರೆ ನಮ್ಮ ಕಿವಿಗೆ ಚುರುಕ್ ಎನ್ನುತ್ತದೆ. ಜ್ವರ, ಭೇದಿಗಳಿಂದ ಜನ ಹುಳುಗಳಂತೆ ಸಾಯುತ್ತಿದ್ದ ಚೆಸಾಪೀಕ್ ಕೊಲ್ಲಿಯ ಸೀಮೆಯಲ್ಲಿ, ಹಿಂದಿನ ಶತಮಾನದಿಂದಲೇ ಬೇಗನೆ ಮರುಮದುವೆಯಾಗುವುದು ರೂಢಿಯಾಗಿತ್ತು. ತಂಬಾಕಿನ ಹೊಲ ಸೂತಕ ಮುಗಿಯಲಿ ಎಂದು ಕಾಯುವುದಿಲ್ಲ. ಮಾರ್ಥಾ ಕಸ್ಟಿಸ್‌ಳ ಗಂಡ 1757ರಲ್ಲಿ ಉಯಿಲು ಬರೆಯದೆ ಸತ್ತಾಗ ಅವಳ ಮಡಿಲಲ್ಲಿ ಎರಡು ಮಕ್ಕಳು. 1759ರ ಜನವರಿಯಲ್ಲಿ ಅವಳು ಕೈಹಿಡಿದದ್ದು ಇದೇ ವಾಷಿಂಗ್ಟನ್ನನನ್ನು.

ಈ ಮದುವೆಯ ಕಥೆಯನ್ನು ಸ್ವಲ್ಪ ಹಿಗ್ಗಿಸಿ ಹೇಳುತ್ತೇನೆ, ಮಲತಂದೆಯ ಮೇಲಿನ ನಿಮ್ಮ ಅನುಮಾನಕ್ಕೆ ಇದಕ್ಕಿಂತ ಒಳ್ಳೆಯ ಕನ್ನಡಿ ಇಲ್ಲ. ಕಸ್ಟಿಸ್ ಮನೆತನದ್ದು 17,000 ಎಕರೆಗೂ ಮೀರಿದ ಭೂಮಿ. ಮೂರನೆಯ ಒಂದು ಭಾಗ ಮಾರ್ಥಾಳ ಡವರ್, ಆ ಮೂಲಕ ವಾಷಿಂಗ್ಟನ್ನನ ಆಡಳಿತಕ್ಕೆ. ಉಳಿದದ್ದು ಮಕ್ಕಳದು, ಅದಕ್ಕೆ ಅವನು ಗಾರ್ಡಿಯನ್. ಹುಡುಗನ ಬೂಟು, ಹುಡುಗಿಯ ಸಂಗೀತ ವಾದ್ಯ, ಮೇಷ್ಟರ ಸಂಬಳ, ಎಲ್ಲವನ್ನೂ ಮಕ್ಕಳ ಖಾತೆಗೆ ಹಾಕಿ ವಿಲಿಯಮ್ಸ್‌ಬರ್ಗ್‌ನ ನ್ಯಾಯಾಲಯಕ್ಕೆ ವರ್ಷಾವರ್ಷ ಲೆಕ್ಕ ಒಪ್ಪಿಸಿದ. ಮೂರ್ಛೆರೋಗವಿದ್ದ ಹುಡುಗಿ ಪ್ಯಾಟ್ಸಿ 1773ರಲ್ಲಿ ಹದಿನೇಳರ ವಯಸ್ಸಿಗೆ ತೀರಿಕೊಂಡಳು. ಅವಳ ಪಾಲಿನಲ್ಲಿ ಅರ್ಧ ತಾಯಿಗೆ ಬಂತು, ತಾಯಿಗೆ ಬಂದದ್ದು ಗಂಡನಿಗೆ ಬಂತು, ಅದರಿಂದ ಅವನು ಲಂಡನ್ನಿನ ವರ್ತಕರ ಸಾಲ ತೀರಿಸಿದ. ಮಗುವಿಗೆ ಕೇಡು ಬಗೆದನೇ? ಇಲ್ಲ, ವೈದ್ಯರ ಮೇಲೆ ವೈದ್ಯರನ್ನು ಕರೆಸಿದವನು ಅವನೇ. ಮಗುವಿನ ಸಾವಿನಿಂದ ಲಾಭವಾಯಿತೇ? ಆಯಿತು. ಎರಡೂ ಒಟ್ಟಿಗೆ ನಿಜ. ಡವರ್‌ನ ಇನ್ನೊಂದು ಮುಖ ನೋಡಿ: 1799ರಲ್ಲಿ ವಾಷಿಂಗ್ಟನ್ನನ ಎಸ್ಟೇಟಾದ ಮೌಂಟ್ ವರ್ನನ್‌ನಲ್ಲಿದ್ದ 317 ಗುಲಾಮರಲ್ಲಿ 153 ಮಂದಿ ಡವರ್‌ಗೆ ಸೇರಿದವರು. ತನ್ನವರನ್ನು ಬಿಡುಗಡೆ ಮಾಡಲು ಉಯಿಲು ಬರೆದ ವಾಷಿಂಗ್ಟನ್, ಇವರನ್ನು ಬಿಡಿಸಲು ಅಧಿಕಾರವಿಲ್ಲದವನಾಗಿದ್ದ. ಮಾರ್ಥಾ ಸತ್ತ ಮೇಲೆ ಅವರೆಲ್ಲ ಕಸ್ಟಿಸ್ ಮೊಮ್ಮಕ್ಕಳಿಗೆ ಹಂಚಿಹೋದರು.

ಆ ಕಾಲದ ನ್ಯಾಯಶಾಸ್ತ್ರಕ್ಕೆ ಗಾರ್ಡಿಯನ್ನರ ಮೇಲೆ ಕುರುಡು ನಂಬಿಕೆ ಇರಲಿಲ್ಲ. ಮಗು ಸತ್ತರೆ ಯಾರಿಗೆ ಜಮೀನು ಸಿಗುವುದೋ ಅವನ ಕೈಗೆ ಮಗುವನ್ನು ಕೊಡಬಾರದು, ಅದು ಕುರಿಮರಿಯನ್ನು ತೋಳಕ್ಕೆ ಒಪ್ಪಿಸಿದಂತೆ ಎಂಬುದು ಇಂಗ್ಲೆಂಡಿನ ಹಳೆಯ ಸೂತ್ರ. ಅದಕ್ಕೇ ಚಿಕ್ಕಪ್ಪ ದೊಡ್ಡಪ್ಪಂದಿರಿಗಿಂತ ತಾಯಿಯ ಕಡೆಯವರಿಗೆ ಆದ್ಯತೆ. ಗಾರ್ಡಿಯನ್ ಆಗುವವನು ಜಾಮೀನುದಾರರ ಸಮೇತ ಮುಚ್ಚಳಿಕೆ ಬರೆದುಕೊಡಬೇಕು, ಅದರ ಮೊತ್ತ ಎಷ್ಟೋ ಕಡೆ ಆಸ್ತಿಯ ಬೆಲೆಯ ಇಮ್ಮಡಿ. ಕೌಂಟಿ ನ್ಯಾಯಾಲಯ ವರ್ಷಕ್ಕೊಮ್ಮೆ ಅನಾಥರ ಲೆಕ್ಕಕ್ಕೆಂದೇ ಕೂರಬೇಕು. ಕಾಗದದ ಮೇಲೆ ಬಿಗಿ ವ್ಯವಸ್ಥೆ. ಆದರೆ ಪೀಠದಲ್ಲಿ ಕೂತವರು, ಜಾಮೀನು ನಿಂತವರು, ಗಾರ್ಡಿಯನ್ ಆದವರು ಎಲ್ಲರೂ ಒಂದೇ ಊರಿನ ನೆಂಟರು. ಉಳಿದದ್ದನ್ನು ನಮ್ಮೂರುಗಳನ್ನು ಕಂಡ ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಎರಡನೆಯ ಹುಡುಗ ‘ಆರಿಸಿಕೊಂಡ’ ಎಂಬ ಪದ ನಿಮಗೆ ಸಿಕ್ಕ ಚಿನ್ನ. ಹದಿನಾಲ್ಕು ತುಂಬಿದ ಅನಾಥ ನ್ಯಾಯಾಲಯಕ್ಕೆ ಬಂದು ತನ್ನ ಗಾರ್ಡಿಯನ್ನನನ್ನು ತಾನೇ ಹೆಸರಿಸಬಹುದಿತ್ತು, ಅದಕ್ಕಿಂತ ಚಿಕ್ಕವರಿಗೆ ನ್ಯಾಯಾಲಯ ನೇಮಿಸುತ್ತಿತ್ತು. ಅಂದರೆ 1764ರಲ್ಲಿ ಅವನಿಗೆ ಹದಿನಾಲ್ಕರಿಂದ ಇಪ್ಪತ್ತೊಂದರೊಳಗೆ, ಹುಟ್ಟಿದ್ದು 1743 ಮತ್ತು 1750ರ ನಡುವೆ. ತಂಗಿ ಬಹುಶಃ 1750ರ ಬಳಿಕ ಹುಟ್ಟಿದವಳು. ಇನ್ನೊಂದನ್ನೂ ಗಮನಿಸಿ: ನೆರೆಯವನನ್ನು ಆರಿಸಿದ ಎಂದರೆ ಅವನ ಮನೆಗೆ ಹೋಗಿ ಸೇರಿದ ಎಂದಲ್ಲ. ಗಾರ್ಡಿಯನ್ ಕಾಯುತ್ತಿದ್ದುದು ಆಸ್ತಿಯನ್ನು. ಹುಡುಗ ಅಮ್ಮನ ಒಲೆಯ ಬಳಿಯೇ ಉಣ್ಣುತ್ತಿದ್ದಿರಬಹುದು. ಮಲತಂದೆಯನ್ನು ಬಿಟ್ಟು ಹೊರಗಿನವನನ್ನು ಕರೆದದ್ದರಲ್ಲಿ ಒಂದಿಷ್ಟು ಅಪನಂಬಿಕೆಯ ವಾಸನೆ ನನಗೂ ಬರುತ್ತದೆ, ಆದರೆ ವಾಸನೆಯನ್ನು ವಂಶವೃಕ್ಷದಲ್ಲಿ ಬರೆಯಲಾಗದು.

ಕೊನೆಯ ಹುಡುಗನದೇ ನನಗೆ ನೋವಿನ ಸಾಲು. ಆಸ್ತಿಯ ಆದಾಯದಿಂದ ಹೊಟ್ಟೆಬಟ್ಟೆ ನಡೆಯದ ಅನಾಥನನ್ನು ಚರ್ಚಿನ ಆಡಳಿತ ನೋಡುವ ವಾರ್ಡನ್ನರು ನ್ಯಾಯಾಲಯದ ಆದೇಶದ ಮೇಲೆ ಕಸುಬುದಾರನಿಗೆ ಒಪ್ಪಿಸುತ್ತಿದ್ದರು. ಗಂಡು ಇಪ್ಪತ್ತೊಂದರವರೆಗೆ, ಹೆಣ್ಣು ಹದಿನೆಂಟರವರೆಗೆ. ಯಜಮಾನ ಅನ್ನ, ಬಟ್ಟೆ, ಕಸುಬು, ಜತೆಗೆ ಓದುಬರಹ ಕಲಿಸಬೇಕು. ಕೆಲವರು ಕಲಿಸಿದರು, ಕೆಲವರು ದುಡಿಸಿಕೊಂಡರು. ಶಾಸನಬದ್ಧ ದತ್ತು ಇಂಗ್ಲಿಷ್ ಕಾನೂನಿನಲ್ಲಿ ಇರಲಿಲ್ಲ. ಮ್ಯಾಸಚೂಸೆಟ್ಸ್ ಮಗುವಿನ ಹಿತವನ್ನು ನೋಡುವ ದತ್ತು ಕಾಯಿದೆ ಮಾಡಿದ್ದು 1851ರಲ್ಲಿ. ಹಾಗಾಗಿ ಬಡಗಿಯ ಮನೆಯಲ್ಲಿ ಹತ್ತು ವರ್ಷ ಬೆಳೆದರೂ ಹುಡುಗ ಅವನ ವಾರಸುದಾರನಾಗುತ್ತಿರಲಿಲ್ಲ.

ಅಣ್ಣ, ಅಕ್ಕನಿಗೆ ಗಾರ್ಡಿಯನ್, ಇವನಿಗೆ ಮಾತ್ರ ಬಡಗಿ ಏಕೆ? 1764 ಮತ್ತು 1767ರ ನಡುವೆ ಅಪ್ಪನ ಸಾಲಗಾರರು ಚರಾಸ್ತಿಯನ್ನು ತಿಂದುಮುಗಿಸಿರಬಹುದು, ಇದು ನನ್ನ ಮೊದಲ ಊಹೆ. ಜಮೀನಿಲ್ಲದ ಹುಡುಗನಿಗೆ ಒಂದು ಕಸುಬು ಇರಲಿ ಎಂದು ಮನೆಯವರೇ ಮುಂದಾಗಿರಬಹುದು. ತಂಬಾಕು ಸಾಗುವುದೇ ಪೀಪಾಯಿಯಲ್ಲಿ, ಆ ಕೈಗೆ ಕೆಲಸ ತಪ್ಪುತ್ತಿರಲಿಲ್ಲ. ಮೂರನೆಯದನ್ನೂ ಮುಚ್ಚಿಡುವುದಿಲ್ಲ: ಅವನು 1762ರಲ್ಲಿ ಸತ್ತ ಯಜಮಾನನ ಮಗ ಅಲ್ಲದೆ ಇರಬಹುದು. ಮದುವೆಯಾಚೆ ಹುಟ್ಟಿದ ಮಗು ಕಾನೂನಿಗೆ ಯಾರ ಮಗುವೂ ಅಲ್ಲ, ತಂದೆಯ ಆಸ್ತಿಯಲ್ಲಿ ಬಿಡಿಕಾಸೂ ಇಲ್ಲ. ಕೆರಿಬಿಯನ್ ದ್ವೀಪದಲ್ಲಿ, ಮುಂದೆ ಅಮೆರಿಕದ ಮೊದಲ ಹಣಕಾಸು ಕಾರ್ಯದರ್ಶಿಯಾದ ಅಲೆಕ್ಸಾಂಡರ್ ಹ್ಯಾಮಿಲ್ಟನ್ನನ ತಾಯಿ 1768ರಲ್ಲಿ ಸತ್ತಾಗ, ಮದುವೆಯಾಚೆ ಹುಟ್ಟಿ ಕೊನೆಯವರೆಗೆ ಜತೆಗಿದ್ದ ಅವನನ್ನೂ ಅವನ ಅಣ್ಣನನ್ನೂ ಬದಿಗೊತ್ತಿ, ಮೊದಲ ಗಂಡನಿಗೆ ಹುಟ್ಟಿದ ಮಗನಿಗೇ ಅವಳ ಅಲ್ಪಸ್ವಲ್ಪವೆಲ್ಲ ಹೋಯಿತು. ನಿಮ್ಮ ಹುಡುಗನ ಆದೇಶದಲ್ಲಿ ‘ಇಂಥವನ ಅನಾಥ ಮಗ’ ಎಂದು ತಂದೆಯ ಹೆಸರಿದ್ದರೆ ಈ ಮೂರನೆಯ ಊಹೆ ಬಿದ್ದುಹೋಗುತ್ತದೆ. ಪುಟವನ್ನು ಮತ್ತೊಮ್ಮೆ ನೋಡಿ.

ಮುಂದೇನು ಮಾಡಬಹುದು? ಇಲ್ಲಿಗೇ ನಿಲ್ಲಿಸುವುದೂ ಒಂದು ದಾರಿ, ತಪ್ಪಿಲ್ಲ. ‘ತಂದೆ ಸತ್ತ ಮಕ್ಕಳು’ ಎಂದು ಬರೆದು ಮೊಮ್ಮಗನ ಕೆಲಸ ಮುಗಿಸಿ. ಅಂತರ್ಜಾಲದಲ್ಲಿ ಬೇರೆಯವರು ಹಾಕಿರುವ ವಂಶವೃಕ್ಷಗಳಿಂದ ಖಾಲಿ ಜಾಗ ತುಂಬಿಸುವುದು ಮಾತ್ರ ಬೇಡ. ಒಬ್ಬ ‘ಅಳಿಯ’ ಎಂದು ತಪ್ಪು ಓದಿದ್ದನ್ನು ಇನ್ನೂರು ಜನ ನಕಲು ಮಾಡಿರುತ್ತಾರೆ. ಡಿಎನ್ಎ ಪರೀಕ್ಷೆ ಆಕರ್ಷಕ, ಆದರೆ ಇನ್ನೂರೈವತ್ತು ವರ್ಷದ ಹಿಂದಿನ ಹುಡುಗನ ಬಗ್ಗೆ ಅದು ಹೇಳುವುದು ಕಡಿಮೆ, ಈಗ ಬದುಕಿರುವವರ ಬಗ್ಗೆ ಬೇಡದ್ದನ್ನು ಹೇಳುವುದು ಹೆಚ್ಚು. ನನ್ನ ಕಕ್ಷಿದಾರರ ಕುಟುಂಬವೊಂದು ಮುತ್ತಜ್ಜನನ್ನು ಹುಡುಕಲು ಹೊರಟು ಅಪ್ಪನ ವಿಷಯದಲ್ಲಿ ಜಗಳವಾಡಿಕೊಂಡು ನನ್ನ ಕಚೇರಿಗೆ ಬಂದಿತ್ತು. ಸೊಸೆಯ ತಾಯಿ ಸ್ವತಃ ಬಯಸಿದರೆ ಮಾತ್ರ ಆ ಮಾತು ಎತ್ತಿ.

ಹುಡುಕುವ ಹುಮ್ಮಸ್ಸಿದ್ದರೆ ಗಾರ್ಡಿಯನ್ನರ ಲೆಕ್ಕಪುಸ್ತಕದಿಂದ ಶುರು ಮಾಡಿ. ಮಲತಂದೆ ನುಂಗಿದನೋ ಇಲ್ಲವೋ ಎಂಬುದು ಅಲ್ಲಿ ಕಾಣಬೇಕು: ಮಗಳ ಪಾಲು ಎಷ್ಟಿತ್ತು, ಊಟವಸತಿಗೆಂದು ಎಷ್ಟು ಕಡಿದುಕೊಂಡ, ಮದುವೆಯ ಹೊತ್ತಿಗೆ ಎಷ್ಟು ಒಪ್ಪಿಸಿದ. ವರ್ಷಗಟ್ಟಲೆ ಲೆಕ್ಕವೇ ಇಲ್ಲದಿದ್ದರೆ ಅದೂ ಒಂದು ಸುಳಿವು. ಆದರೆ ಅವಸರದ ತೀರ್ಪು ಬೇಡ, ಅಂತರ್ಯುದ್ಧದ ಕಾಲದಲ್ಲಿ ಭದ್ರತೆಗೆಂದು ರಾಜಧಾನಿ ರಿಚ್ಮಂಡ್‌ಗೆ ಕಳಿಸಿದ್ದ ಹಲವು ಕೌಂಟಿಗಳ ಕಡತಗಳು 1865ರ ಏಪ್ರಿಲ್‌ನ ಬೆಂಕಿಯಲ್ಲಿ ಸುಟ್ಟುಹೋಗಿವೆ. ಮಕ್ಕಳು ದೊಡ್ಡವರಾಗಿ ಮಲತಂದೆಯ ಮೇಲೆ ದಾವೆ ಹೂಡಿದ್ದರೆ ಅದು ಚಾನ್ಸರಿ, ಅಂದರೆ ಇಂಥ ಆಸ್ತಿ ವ್ಯಾಜ್ಯಗಳನ್ನು ಕೇಳುತ್ತಿದ್ದ ನ್ಯಾಯಾಲಯದ ದಾಖಲೆಗಳಲ್ಲಿರುತ್ತದೆ. ವರ್ಜೀನಿಯಾ ರಾಜ್ಯ ಗ್ರಂಥಾಲಯ ಅವುಗಳಲ್ಲಿ ಬಹಳಷ್ಟನ್ನು ಉಚಿತವಾಗಿ ಅಂತರ್ಜಾಲದಲ್ಲಿ ತೆರೆದಿಟ್ಟಿದೆ.

ತಾಯಿಯನ್ನು ಹುಡುಕಬೇಕಾದದ್ದು ಬೇರೆ ಕಡೆ, ಜಮೀನು ಮಾರಾಟದ ಕ್ರಯಪತ್ರಗಳ ಪುಸ್ತಕದಲ್ಲಿ. ಮಲತಂದೆ 1763ರ ಬಳಿಕ ತನ್ನ ಯಾವುದಾದರೂ ತುಂಡು ಭೂಮಿ ಮಾರಿದ್ದರೆ, ಹೆಂಡತಿಯ ಡವರ್ ಹಕ್ಕು ಬಿಡಿಸದೆ ಕೊಂಡವನಿಗೆ ನೆಮ್ಮದಿ ಇರಲಿಲ್ಲ. ಹಿರಿಯ ಮಗ ಮಾರಿದ್ದರೂ ತಾಯಿಯ ಮೂರನೆಯ ಒಂದು ಅಡ್ಡ ಬರುತ್ತಿತ್ತು. ಅದಕ್ಕಾಗಿ ಅಧಿಕಾರಿಗಳು ಗಂಡನನ್ನು ಹೊರಗೆ ನಿಲ್ಲಿಸಿ, ಅವಳೊಬ್ಬಳನ್ನೇ ಕೇಳಬೇಕಿತ್ತು: ನೀನು ಮನಸ್ಸಾರೆ ಒಪ್ಪಿದ್ದೀಯಾ, ಯಾರಾದರೂ ಹೆದರಿಸಿದರೇ? ಅವಳ ಉತ್ತರವನ್ನು ಗುಮಾಸ್ತ ಬರೆದುಕೊಳ್ಳಬೇಕಿತ್ತು. 1764ರಿಂದ ಮುಂದಿನ ಪುಸ್ತಕಗಳ ಸೂಚಿಯಲ್ಲಿ ಮಲತಂದೆಯ ಮತ್ತು ಹಿರಿಯ ಮಗನ ಹೆಸರನ್ನು ನೋಡುತ್ತ ಹೋಗಿ. ಪತ್ರದ ಕೊನೆಯಲ್ಲಿ ಗಂಡನ ರುಜುವಿನ ಕೆಳಗೆ ಒಂದು ಹೆಣ್ಣಿನ ಹೆಸರು, ಅದರ ನಡುವೆ ರುಜು ಹಾಕಲು ಬಾರದವರು ಹಾಕುವ ಅಡ್ಡಗೀಟಿನ ಗುರುತು ಕಂಡರೆ ಆ ಪುಟದ ನಕಲು ತೆಗೆದುಕೊಂಡು ಸೊಸೆಯ ತಾಯಿಗೆ ಕೊಡಿ.